ನನಗೆ ಆರು ಹುಳುಕು, ಅವ್ವನಿಗೆ ಇಕ್ಕಳ: ಹಲ್ಲಿನ ಎಕ್ಸ್‌ರೇ ಹಿಂದಿನ ರಾಜಕಾರಣ

ಕಳೆದ ವರ್ಷ ಬೆಂಗಳೂರಿನ ಒಂದು ಖಾಸಗಿ ದಂತ ಕ್ಲಿನಿಕ್‌ನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ನನಗಿದ್ದದ್ದು ಸಣ್ಣ ತೊಂದರೆ. ತಣ್ಣೀರು ಕುಡಿದರೆ ಕೆಳದವಡೆಯ ಬಲಗಡೆಯ ಒಂದು ಹಲ್ಲು ಜುಮ್ ಅನ್ನುತ್ತಿತ್ತು, ಅಷ್ಟೇ. ನಾಲ್ಕು ಎಕ್ಸ್‌ರೇ ತೆಗೆದರು. ಎದುರಿನ ಪರದೆಯ ಮೇಲೆ ನನ್ನ ಹಲ್ಲುಗಳು ಬೂದು ಬಣ್ಣದಲ್ಲಿ ಮೂಡಿದವು. ಕಣ್ಣು ಮಿಟುಕಿಸುವಷ್ಟರಲ್ಲಿ ಅವುಗಳ ಮೇಲೆ ತಾವಾಗಿಯೇ ಕೆಂಪು ಚೌಕಗಳು ಬಂದು ಕೂತವು. ಒಂದು, ಎರಡು, ಮೂರು... ಒಟ್ಟು ಆರು.

‘ಎಐ ಸಾಫ್ಟ್‌ವೇರ್ ಸರ್. ನಮ್ಮ ಕಣ್ಣು ತಪ್ಪಿದ್ರೂ ಅದು ತಪ್ಪಲ್ಲ’ ಅಂದರು ಡಾಕ್ಟರು. ಐದು ಹಲ್ಲಿಗೆ ಫಿಲ್ಲಿಂಗ್, ಒಂದಕ್ಕೆ ರೂಟ್ ಕೆನಾಲ್ ಮತ್ತು ಕ್ಯಾಪ್. ರಿಸೆಪ್ಷನ್‌ನಲ್ಲಿ ಕೊಟ್ಟ ಅಂದಾಜು ಪಟ್ಟಿ 31,000 ರೂಪಾಯಿಯದು. ಕಂತಿನಲ್ಲೂ ಕಟ್ಟಬಹುದು ಅಂತ ಹೇಳಿದರು.

ಒಂದು ವಾರ ಯೋಚನೆ ಮಾಡಿ, ಅದೇ ಎಕ್ಸ್‌ರೇಗಳನ್ನು ಪರಿಚಯದ ಹಿರಿಯ ದಂತ ವೈದ್ಯೆಯೊಬ್ಬರ ಬಳಿ ಒಯ್ದೆ. ಅವರು ಕನ್ನಡಿ ಹಿಡಿದು ಬಾಯಿ ನೋಡಿದರು, ಗಾಳಿ ಹಾಯಿಸಿ ಹಲ್ಲು ಒಣಗಿಸಿ ಮತ್ತೆ ನೋಡಿದರು, ಆಮೇಲೆ ಚಿತ್ರ ನೋಡಿದರು. ‘ಇದೊಂದು ತುಂಬಿಸ್ಬೇಕು. ರೂಟ್ ಕೆನಾಲ್ ಅಂದಿದ್ದು ಇದಕ್ಕೇ, ಆದ್ರೆ ನರದವರೆಗೆ ಹೋಗಿಲ್ಲಪ್ಪ. ಈ ಎರಡು ಮೇಲ್ಪದರದಲ್ಲೇ ಇವೆ, ಕಾದು ನೋಡೋಣ. ಈ ಎರಡು ಹುಳುಕೇ ಅಲ್ಲ. ಹಲ್ಲಿನ ಕುತ್ತಿಗೆ ಹತ್ರ ತುಂಬಾ ಜನಕ್ಕೆ ಹೀಗೇ ಕಪ್ಪಾಗಿ ಕಾಣುತ್ತೆ. ಇನ್ನೊಂದರಲ್ಲಿ ಹಲ್ಲುಗಳ ನೆರಳು ಒಂದರ ಮೇಲೊಂದು ಬಿದ್ದಿದೆ, ಏನೂ ಹೇಳೋಕಾಗಲ್ಲ’ ಅಂದರು. ನಾನು ಕೊಟ್ಟಿದ್ದು 1,200 ರೂಪಾಯಿ.

ಅದೇ ಬಾಯಿ, ಅದೇ ಚಿತ್ರ. ಒಂದು ಕಡೆ ಆರು, ಇನ್ನೊಂದು ಕಡೆ ಒಂದು. ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ. ‘ಖಾಸಗಿ ಕ್ಲಿನಿಕ್‌ಗಳು ಸುಲಿಯುತ್ತವೆ’ ಅನ್ನೋದು ಯಾರಿಗೂ ಹೊಸ ಸುದ್ದಿಯಲ್ಲ. ಬರೆಯುವಂತೆ ಮಾಡಿದ್ದು ನನ್ನ ಅವ್ವನ ಬಾಯಿ.

ಅವ್ವನ ಬಾಯಿಗೆ ಎಕ್ಸ್‌ರೇ ಬರಲೇ ಇಲ್ಲ

ಅವ್ವ ಕೊಪ್ಪಳ ಜಿಲ್ಲೆಯ ಹಳ್ಳಿಯಲ್ಲಿದ್ದಾಳೆ. ವಯಸ್ಸು 54. ಬಾಯಲ್ಲಿ ಒಂಬತ್ತು ಹಲ್ಲಿಲ್ಲ. ಹೆಚ್ಚಿನವು ತಾವಾಗಿ ಬಿದ್ದವಲ್ಲ, ಕಿತ್ತವು. ಪ್ರತಿ ಸಲವೂ ಕಥೆ ಒಂದೇ. ತಿಂಗಳುಗಟ್ಟಲೆ ಲವಂಗ ಕಚ್ಚಿಕೊಂಡು, ಅಂಗಡಿಯ ನೋವಿನ ಮಾತ್ರೆ ನುಂಗಿಕೊಂಡು ತಳ್ಳುವುದು. ಕೆನ್ನೆ ಊದಿದ ಮೇಲೆ ಸರ್ಕಾರಿ ಆಸ್ಪತ್ರೆಗೆ ಹೋಗುವುದು. ಅಲ್ಲಿ ದಂತ ವೈದ್ಯರಿದ್ದರು, ಕುರ್ಚಿ ಇತ್ತು. ಎಕ್ಸ್‌ರೇ ಯಂತ್ರಕ್ಕೆ ಮಾತ್ರ ಬಟ್ಟೆ ಹೊದಿಸಿತ್ತು. ‘ಎಕ್ಸ್‌ರೇ ಹೊರಗೆ ಮಾಡಿಸ್ಕೊಂಡು ಬಂದ್ರೆ ಹಲ್ಲು ಉಳಿಸೋಕಾಗುತ್ತಾ ನೋಡಬಹುದು, ಇಲ್ಲಾಂದ್ರೆ ಕೀಳೋಣ’ ಅಂತ ಆ ವೈದ್ಯರು ಪ್ರಾಮಾಣಿಕವಾಗಿಯೇ ಹೇಳಿದ್ದರು. ಹೊರಗೆ ಅಂದರೆ ಬಸ್ಸಿನ ಖರ್ಚು, ಎಕ್ಸ್‌ರೇ ಖರ್ಚು, ಮತ್ತೆ ಮೂರ್ನಾಲ್ಕು ಸಲ ಓಡಾಟ, ಅಷ್ಟೂ ದಿನದ ಕೂಲಿ. ‘ಕಿತ್ತಸ್ಕೊಂಡ್ರ ಒಂದ ದಿನದಾಗ ಮುಗೀತೈತಿ ಬಿಡಪಾ’ ಅಂತ ಅವ್ವ ಫೋನಿನಲ್ಲಿ ಹೇಳಿದ್ದು ನೆನಪಿದೆ. ಆಗ ನಾನು ‘ಹೂಂ’ ಅಂದಿದ್ದೆ.

ಒಂದೇ ಮನೆಯ ಇಬ್ಬರು. ಒಬ್ಬನಿಗೆ ಬೇಡದ ಹಲ್ಲಿಗೂ ಎಕ್ಸ್‌ರೇ ತೆಗೆದು ಬೇಡದ ಚಿಕಿತ್ಸೆಯ ಪಟ್ಟಿ. ಇನ್ನೊಬ್ಬಳಿಗೆ ಬೇಕಾದ ಒಂದು ಚಿತ್ರ ಸಿಗದೆ ಇಕ್ಕಳ. ಮೇಲ್ನೋಟಕ್ಕೆ ಇವು ಎರಡು ಬೇರೆ ಸಮಸ್ಯೆಗಳಂತೆ ಕಾಣುತ್ತವೆ. ನನಗೆ ಒಂದೇ ಸಮಸ್ಯೆಯ ಎರಡು ತುದಿ ಅನ್ನಿಸುತ್ತದೆ: ಬಾಯಿಯ ಆರೋಗ್ಯವನ್ನು ನಾವು ಪೂರ್ತಿಯಾಗಿ ಮಾರುಕಟ್ಟೆಗೆ ಬಿಟ್ಟುಬಿಟ್ಟಿದ್ದೇವೆ.

ಚಿತ್ರ ಏನು ತೋರಿಸುತ್ತದೆ?

ಮೊದಲು ವಿಷಯ ತಿಳಿದುಕೊಳ್ಳೋಣ, ಇಲ್ಲದಿದ್ದರೆ ಕ್ಲಿನಿಕ್‌ನಲ್ಲಿ ತಲೆಯಾಡಿಸುವುದು ಬಿಟ್ಟು ನಮಗೆ ಬೇರೆ ದಾರಿ ಇರುವುದಿಲ್ಲ. ಹಲ್ಲಿನ ಹುಳುಕಿನಲ್ಲಿ ಹುಳ ಇರುವುದಿಲ್ಲ. ನಾವು ತಿಂದ ಸಕ್ಕರೆಯನ್ನು ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲವಾಗಿ ಮಾಡುತ್ತವೆ. ಆ ಆಮ್ಲ ಹಲ್ಲಿನ ಖನಿಜವನ್ನು ಕರಗಿಸುತ್ತದೆ. ಖನಿಜ ಗಟ್ಟಿಯಾಗಿರುವ ಕಡೆ ಎಕ್ಸ್‌ರೇ ಕಿರಣ ತಡೆಯಲ್ಪಟ್ಟು ಚಿತ್ರ ಬೆಳ್ಳಗೆ ಕಾಣುತ್ತದೆ. ಖನಿಜ ಕರಗಿದ ಕಡೆ ಕಿರಣ ಹೆಚ್ಚು ಹಾದುಹೋಗಿ ಕಪ್ಪಾಗಿ ಕಾಣುತ್ತದೆ. ಎಕ್ಸ್‌ರೇಯಲ್ಲಿ ಹುಳುಕು ಅಂದರೆ ಇಷ್ಟೇ: ಬಿಳಿಯ ಮಧ್ಯೆ ಒಂದು ಕಪ್ಪು ನೆರಳು.

ಹಾಗಾದರೆ ಟಾರ್ಚ್ ಬಿಟ್ಟು ನೋಡಿದರೆ ಸಾಲದಾ? ಜಗಿಯುವ ಮೇಲ್ಮೈಯ ಹುಳುಕು ಕಣ್ಣಿಗೆ ಕಾಣುತ್ತದೆ. ಆದರೆ ಎರಡು ದವಡೆ ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡಿರುವ ಸಂದಿಯಲ್ಲಿ ಹುಟ್ಟುವ ಹುಳುಕು ಕಾಣುವುದಿಲ್ಲ. ಅದು ಹೊರಗೆ ಕಾಣುವ ಹೊತ್ತಿಗೆ ಒಳಗೆ ದೊಡ್ಡ ಗುಂಡಿಯಾಗಿರುತ್ತದೆ. ಈ ಸಂದಿಯನ್ನು ನೋಡಲೆಂದೇ ಒಂದು ಎಕ್ಸ್‌ರೇ ಇದೆ, ಬೈಟ್‌ವಿಂಗ್ ಅಂತ ಹೆಸರು. ಅಮೆರಿಕದ ಹೋವರ್ಡ್ ರೇಪರ್ 1925ರಲ್ಲಿ ಇದನ್ನು ಬಳಕೆಗೆ ತಂದರು. ಸಣ್ಣ ರೆಕ್ಕೆಯಂಥ ಪಟ್ಟಿಯನ್ನು ಕಚ್ಚಿ ಹಿಡಿದರೆ ಮೇಲಿನ, ಕೆಳಗಿನ ದವಡೆ ಹಲ್ಲುಗಳ ತಲೆಭಾಗ ಒಂದೇ ಚಿತ್ರದಲ್ಲಿ ಬರುತ್ತದೆ. ನೂರು ವರ್ಷ ಹಳೆಯ, ಸರಳವಾದ, ಅಗ್ಗದ ವಿಧಾನ. ಆದರೆ ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಮೊದಲ ಎಕ್ಸ್‌ರೇ ಬರುವುದು ನೋವು ಶುರುವಾದ ಮೇಲೆ. ಅದು ಬೇರಿನ ತುದಿಯವರೆಗೆ ತೋರಿಸುವ ಬೇರೆ ಬಗೆಯ ಚಿತ್ರ. ಅಷ್ಟೊತ್ತಿಗೆ ಪ್ರಶ್ನೆಯೇ ಬದಲಾಗಿರುತ್ತದೆ: ರೂಟ್ ಕೆನಾಲ್ ಮಾಡೋದಾ, ಕೀಳೋದಾ?

ಚಿತ್ರ ಏನನ್ನು ಹೇಳುವುದಿಲ್ಲ?

ಎಕ್ಸ್‌ರೇ ಸತ್ಯ ಹೇಳುತ್ತದೆ ಅನ್ನುವ ನಂಬಿಕೆಯ ಮೇಲೆಯೇ ಈ ವ್ಯಾಪಾರ ನಿಂತಿದೆ. ಆದರೆ ಅದಕ್ಕೂ ಮಿತಿಗಳಿವೆ. ಹಲ್ಲಿನ ಖನಿಜ ಮೂವತ್ತು-ನಲವತ್ತು ಶೇಕಡಾದಷ್ಟು ಕರಗುವವರೆಗೂ ಎಕ್ಸ್‌ರೇಯಲ್ಲಿ ಕಪ್ಪು ಸ್ಪಷ್ಟವಾಗಿ ಕಾಣುವುದಿಲ್ಲ. ಅಂದರೆ ತೀರಾ ಆರಂಭದ ಹುಳುಕನ್ನು ಅದು ತಪ್ಪಿಸಿಕೊಳ್ಳುತ್ತದೆ. ಇನ್ನೊಂದು ಕಡೆ, ಇಲ್ಲದ ಹುಳುಕನ್ನೂ ತೋರಿಸುತ್ತದೆ. ಹಲ್ಲಿನ ಕುತ್ತಿಗೆಯ ಬಳಿ ಹಲ್ಲು ತೆಳುವಾಗಿರುವುದರಿಂದ ಆರೋಗ್ಯವಂತ ಹಲ್ಲಿನಲ್ಲೂ ಅಲ್ಲಿ ಕಪ್ಪು ನೆರಳು ಬೀಳುತ್ತದೆ. ಕಿರಣದ ಕೋನ ತುಸು ತಪ್ಪಿದರೆ ಪಕ್ಕದ ಹಲ್ಲುಗಳು ಒಂದರ ಮೇಲೊಂದು ಬಿದ್ದು ಸಂದಿಯೇ ಮುಚ್ಚಿಹೋಗುತ್ತದೆ. ನನ್ನ ಆರರಲ್ಲಿ ಮೂರು ಇಂಥವೇ ಆಗಿದ್ದವು.

ಇದಕ್ಕಿಂತ ಮುಖ್ಯವಾದದ್ದು, ಹುಳುಕು ಕಂಡ ಮಾತ್ರಕ್ಕೆ ಕೊರೆಯಬೇಕು ಅಂತಿಲ್ಲ. ಎನಾಮೆಲ್ ಅನ್ನುವ ಹೊರಪದರದಲ್ಲೇ ಇರುವ, ಮೇಲ್ಮೈ ಒಡೆಯದ ಹುಳುಕನ್ನು ಫ್ಲೋರೈಡ್, ಸ್ವಚ್ಛತೆ, ಸಕ್ಕರೆ ಕಡಿತದಿಂದ ಅಲ್ಲೇ ನಿಲ್ಲಿಸಬಹುದು. ಹಲವರಲ್ಲಿ ಅದು ವರ್ಷಗಟ್ಟಲೆ ಮುಂದುವರಿಯುವುದೇ ಇಲ್ಲ. ಒಮ್ಮೆ ಕೊರೆದ ಹಲ್ಲು ಮಾತ್ರ ಮತ್ತೆ ಬೆಳೆಯುವುದಿಲ್ಲ. ಫಿಲ್ಲಿಂಗ್‌ಗೂ ಆಯಸ್ಸಿದೆ. ಅದು ಹಾಳಾದಾಗ ಇನ್ನಷ್ಟು ಕೊರೆದು ಇನ್ನೂ ದೊಡ್ಡದು, ಆಮೇಲೆ ಕ್ಯಾಪ್, ಆಮೇಲೆ ಇನ್ನೇನೋ. ಹಾಗಾಗಿ ‘ಕಾದು ನೋಡೋಣ’ ಅನ್ನೋದು ವೈದ್ಯರ ಸೋಮಾರಿತನ ಅಲ್ಲ, ಅದೂ ಒಂದು ಚಿಕಿತ್ಸೆ. ತೊಂದರೆ ಏನೆಂದರೆ, ನಮ್ಮ ವ್ಯವಸ್ಥೆಯಲ್ಲಿ ಕಾಯುವುದಕ್ಕೆ ಯಾರೂ ಬಿಲ್ ಹಾಕುವಂತಿಲ್ಲ.

ಎಐ ಬರುವುದು ಈ ಸಂದಿಯಲ್ಲೇ. ಈ ಸಾಫ್ಟ್‌ವೇರ್‌ಗಳು ಸುಳ್ಳಲ್ಲ. ಅಮೆರಿಕದ ಎಫ್‌ಡಿಎ 2022ರಲ್ಲಿ ಪರ್ಲ್ ಎಂಬ ಕಂಪನಿಯ ಇಂಥ ಒಂದು ಸಾಧನಕ್ಕೆ ಅನುಮತಿ ಕೊಟ್ಟಿತು, ಆದರೆ ವೈದ್ಯರಿಗೆ ನೆರವಾಗಲು ಮಾತ್ರ, ತೀರ್ಪು ಕೊಡಲು ಅಲ್ಲ. ಕೆಂಪು ಚೌಕ ಎಂದರೆ ‘ಇಲ್ಲಿ ಒಮ್ಮೆ ನೋಡಿ’ ಅಂತ. ನನ್ನ ಕುರ್ಚಿಯ ಎದುರಿನ ಪರದೆಯಲ್ಲಿ ಅದು ‘ಇದನ್ನು ಕೊರೆಸಿಕೊಳ್ಳಿ’ ಅಂತಾಗಿತ್ತು. ಎಷ್ಟು ಸಣ್ಣ ನೆರಳಿಗೆ ಚೌಕ ಹಾಕಬೇಕು ಅನ್ನುವ ಮಿತಿಯನ್ನು ಸಾಫ್ಟ್‌ವೇರ್ ಮಾಡುವವರು ನಿರ್ಧರಿಸುತ್ತಾರೆ. ಮಿತಿ ಕೆಳಗಿಳಿಸಿದರೆ ಚೌಕಗಳು ಹೆಚ್ಚುತ್ತವೆ, ಸುಳ್ಳು ಚೌಕಗಳೂ ಹೆಚ್ಚುತ್ತವೆ. ಅಮೆರಿಕದಲ್ಲಿ ಕನಿಷ್ಠ ಪಕ್ಷ ವಿಮಾ ಕಂಪನಿಗಳೂ ಇದೇ ತಂತ್ರಜ್ಞಾನ ಇಟ್ಟುಕೊಂಡು ಬಿಲ್ ತಾಳೆ ನೋಡುತ್ತಿವೆ. ಅವರೂ ತಮ್ಮ ಲಾಭಕ್ಕೇ ಮಾಡುವುದು, ಆದರೂ ಇನ್ನೊಂದು ಕಣ್ಣು ಅಂತ ಇದೆ. ನಮ್ಮಲ್ಲಿ ಫಿಲ್ಲಿಂಗ್, ರೂಟ್ ಕೆನಾಲ್‌ಗೆ ಬಹುತೇಕರು ಜೇಬಿನಿಂದಲೇ ದುಡ್ಡು ಕೊಡಬೇಕು. ಮೇಜಿನ ಈ ಕಡೆ ಬಾಯಿ ತೆರೆದು ಮಲಗಿದ, ಮಾತಾಡಲೂ ಆಗದ ರೋಗಿ ಒಬ್ಬನೇ.

ಹಾಗಂತ ದಂತ ವೈದ್ಯರನ್ನೆಲ್ಲ ಕಳ್ಳರು ಅನ್ನುವುದು ಸುಲಭ, ಮತ್ತು ತಪ್ಪು. ಕರ್ನಾಟಕದಲ್ಲಿರುವ ದಂತ ಕಾಲೇಜುಗಳಲ್ಲಿ ಸರ್ಕಾರದವು ಬೆರಳೆಣಿಕೆಯಷ್ಟು, ಉಳಿದವೆಲ್ಲ ಖಾಸಗಿ. ಲಕ್ಷಗಟ್ಟಲೆ ಶುಲ್ಕ ಕಟ್ಟಿ ಹೊರಬರುವ ಹುಡುಗ-ಹುಡುಗಿಯರಿಗೆ ಸರ್ಕಾರಿ ಹುದ್ದೆ ಸಿಗುವುದು ಅಪರೂಪ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ದಂತ ವೈದ್ಯರ ಹುದ್ದೆಯೇ ಇರುವುದಿಲ್ಲ. ಸಾಲ ಮಾಡಿ ನಗರದ ಒಂದೇ ರಸ್ತೆಯಲ್ಲಿ ನಾಲ್ಕನೇ ಕ್ಲಿನಿಕ್ ತೆರೆದವರು ಅಥವಾ ದೊಡ್ಡ ಸರಪಳಿ ಕ್ಲಿನಿಕ್‌ನಲ್ಲಿ ತಿಂಗಳ ಟಾರ್ಗೆಟ್ ಇಟ್ಟುಕೊಂಡು ದುಡಿಯುವವರು ಸಂಶಯದ ನೆರಳನ್ನು ಹೇಗೆ ಓದುತ್ತಾರೆ? ನಗರದಲ್ಲಿ ವೈದ್ಯರಿಗೆ ಬಾಯಿ ಸಾಲುವುದಿಲ್ಲ, ಹಳ್ಳಿಯಲ್ಲಿ ಬಾಯಿಗಳಿಗೆ ವೈದ್ಯರಿಲ್ಲ.

ಸರ್ಕಾರ ಯಾವಾಗ ಬರುತ್ತದೆ?

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಜಗತ್ತಿನ ಸುಮಾರು 350 ಕೋಟಿ ಜನರಿಗೆ ಒಂದಲ್ಲ ಒಂದು ಬಾಯಿಯ ಕಾಯಿಲೆ ಇದೆ. ಅದರಲ್ಲಿ ದೊಡ್ಡ ಪಾಲು ಹುಳುಕಿನದು. ನಮ್ಮ ದೇಶದಲ್ಲಿ 2002-03ರ ರಾಷ್ಟ್ರೀಯ ಸಮೀಕ್ಷೆ 12 ವರ್ಷದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಹುಳುಕು ಇದೆ ಎಂದಿತ್ತು. ಇಂಥ ಸಮೀಕ್ಷೆಗಳು ಕನ್ನಡಿ, ಕಡ್ಡಿ ಹಿಡಿದು ಕಣ್ಣಿನಿಂದ ನೋಡಿ ಮಾಡುವಂಥವು, ಎಕ್ಸ್‌ರೇ ತೆಗೆಯುವುದಿಲ್ಲ. ಅಂದರೆ ಸಂದಿಯಲ್ಲಿ ಅಡಗಿದ ಹುಳುಕು ಆ ಲೆಕ್ಕದಲ್ಲಿ ಪೂರ್ತಿಯಾಗಿ ಇಲ್ಲ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶಾಲೆ, ಅಂಗನವಾಡಿ ಮಕ್ಕಳನ್ನು ತಪಾಸಣೆ ಮಾಡುವ ಪಟ್ಟಿಯಲ್ಲಿ ಹಲ್ಲೂ ಇದೆ. ತಂಡ ಬರುತ್ತದೆ, ಮಕ್ಕಳು ಸಾಲಾಗಿ ನಿಂತು ‘ಆ...’ ಅನ್ನುತ್ತಾರೆ, ಕಾರ್ಡಿನಲ್ಲಿ ಟಿಕ್ ಬೀಳುತ್ತದೆ. ನಾನು ಓದಿದ ಶಾಲೆಗೂ ಹೀಗೆ ದಂತ ತಪಾಸಣೆಯವರು ಬಂದಿದ್ದರು. ನಮ್ಮ ಕಡೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಹಾಗಾಗಿ ಹಲ್ಲಿನ ಮೇಲೆ ಕಂದು ಕಲೆ ಮಾಮೂಲಿ. ಕಲೆ ಇದ್ದ ನನ್ನ ಗೆಳೆಯನಿಗೆ ‘ಹಲ್ಲು ಹುಳುಕು’ ಅಂತ ಬರೆದರು, ಬೆಳ್ಳಗಿನ ಹಲ್ಲಿದ್ದ ನನಗೆ ‘ಸರಿಯಿದೆ’ ಅಂತ. ಟಾರ್ಚಿನ ಬೆಳಕಲ್ಲಿ ಕಲೆಗೂ ಗುಂಡಿಗೂ ವ್ಯತ್ಯಾಸ ಹೇಳುವುದು ಸುಲಭವಲ್ಲ. ಕೊಪ್ಪಳ, ಗದಗ, ಪಾವಗಡದಂಥ ಕಡೆ ಮಕ್ಕಳ ಹಲ್ಲು ನೋಡುವವರಿಗೆ ಇದು ದಿನನಿತ್ಯದ ಗೊಂದಲ.

ಸಂಶಯ ಬಂದ ಮಗುವನ್ನು ಮುಂದಿನ ಆಸ್ಪತ್ರೆಗೆ ಕಳಿಸಿದರೆ ಅಲ್ಲಿ ಬಟ್ಟೆ ಹೊದಿಸಿದ ಯಂತ್ರ. ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆ, 2014-15ರಿಂದ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಇದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವವರ ಯೋಜನೆ. ದವಡೆ ಮುರಿದರೆ ಅದರಲ್ಲಿ ಜಾಗವಿದೆ, ಸಂದಿಯ ಹುಳುಕನ್ನು ಗುಂಡಿಯಾಗುವ ಮೊದಲು ಹಿಡಿಯುವುದಕ್ಕೆ ಇಲ್ಲ.

ಇನ್ನು ನಮ್ಮ ರಾಜ್ಯದ್ದೇ ಹೆಮ್ಮೆಯ ಯೋಜನೆ ‘ದಂತ ಭಾಗ್ಯ’. ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ಬಂದದ್ದು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್. ಇದನ್ನು ನಾನು ಗೇಲಿ ಮಾಡುತ್ತಿಲ್ಲ. ರೊಟ್ಟಿ ಅಗಿಯಲಾಗದೆ ಗಂಜಿಗೆ ಇಳಿದವರಿಗೆ ಹಲ್ಲಿನ ಸೆಟ್ ಅಂದರೆ ಊಟ, ಮಾತು, ಮದುವೆ ಮನೆಯಲ್ಲಿ ಬಾಯಿ ಮುಚ್ಚಿಕೊಳ್ಳದೆ ನಗುವುದು. ಆದರೆ ಯೋಚಿಸಿ: ಒಬ್ಬ ಬಡ ಹೆಣ್ಣುಮಗಳ ಬಾಯಿಯ ಬಗ್ಗೆ ಸರ್ಕಾರ ದುಡ್ಡು ಬಿಚ್ಚುವುದು ಆ ಬಾಯಲ್ಲಿ ಹಲ್ಲುಗಳು ಮುಗಿದ ಮೇಲೆ. ಅದಕ್ಕೂ ಮೊದಲಿನ ಐವತ್ತು ವರ್ಷ ಅವಳ ಪಾಲಿಗೆ ಲವಂಗ, ನೋವಿನ ಮಾತ್ರೆ, ಇಕ್ಕಳ.

‘ರೇಡಿಯೇಷನ್ ಅಲ್ವಾ?’

ಎಕ್ಸ್‌ರೇ ಹೆಚ್ಚಾಗಬೇಕು ಅಂದರೆ ತಕ್ಷಣ ಬರುವ ಪ್ರಶ್ನೆ ಇದು. ಪ್ರಶ್ನೆ ಸರಿಯಾದದ್ದೇ. ರೋಂಟ್‌ಜೆನ್ 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ಕೆಲವೇ ವಾರಗಳಲ್ಲಿ ಜರ್ಮನಿಯ ಒಟ್ಟೊ ವಾಲ್ಕಾಫ್ ತನ್ನದೇ ಹಲ್ಲಿನ ಚಿತ್ರ ತೆಗೆಯಲು 25 ನಿಮಿಷ ಕಿರಣಕ್ಕೆ ಮುಖ ಒಡ್ಡಿದ್ದ. ಅಮೆರಿಕದ ದಂತ ವೈದ್ಯ ಎಡ್ಮಂಡ್ ಕೆಲ್ಸ್ ವರ್ಷಗಟ್ಟಲೆ ಕಿರಣಕ್ಕೆ ಕೈಯೊಡ್ಡಿ ಕ್ಯಾನ್ಸರ್‌ನಿಂದ ಬೆರಳು, ಆಮೇಲೆ ಕೈಯನ್ನೇ ಕಳೆದುಕೊಂಡ. ಇವತ್ತಿನ ಡಿಜಿಟಲ್ ಯಂತ್ರಗಳಿಗೆ ಒಂದು ಸೆಕೆಂಡೂ ಬೇಕಿಲ್ಲ. ಬಾಯಿಯೊಳಗಿಟ್ಟು ತೆಗೆಯುವ ಒಂದು ಸಣ್ಣ ಚಿತ್ರದ ವಿಕಿರಣ ಸಾಮಾನ್ಯವಾಗಿ ಕೆಲವೇ ಮೈಕ್ರೋಸೀವರ್ಟ್. ನೆಲ, ಗಾಳಿ, ಆಕಾಶದಿಂದ ನಮಗೆ ಸಹಜವಾಗಿ ತಗಲುವ ವಿಕಿರಣ ವರ್ಷಕ್ಕೆ ಸರಾಸರಿ 2,400 ಮೈಕ್ರೋಸೀವರ್ಟ್. ಲೆಕ್ಕ ಹಾಕಿದರೆ ಒಂದು ಚಿತ್ರ ಹೆಚ್ಚುಕಡಿಮೆ ಒಂದು ದಿನದ ಬದುಕಿಗೆ ಸಮ.

ಹಾಗಂತ ಸಾಲಾಗಿ ನಿಲ್ಲಿಸಿ ಎಲ್ಲ ಮಕ್ಕಳಿಗೂ ಎಕ್ಸ್‌ರೇ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಮೊದಲು ಬಾಯಿ ನೋಡಬೇಕು. ಚಿತ್ರದಿಂದ ಚಿಕಿತ್ಸೆಯ ನಿರ್ಧಾರ ಬದಲಾಗುವಂತಿದ್ದರೆ ಮಾತ್ರ ತೆಗೆಯಬೇಕು. ಕ್ಲಿನಿಕ್‌ಗೆ ಕಾಲಿಟ್ಟ ತಕ್ಷಣ ‘ಪ್ಯಾಕೇಜ್’ ಹೆಸರಲ್ಲಿ ತೆಗೆಯುವುದು ತಪ್ಪು. ಯಂತ್ರ ಇಟ್ಟುಕೊಳ್ಳುವವರು ಅಣುಶಕ್ತಿ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಬೇಕು ಅನ್ನುವ ನಿಯಮ ಈಗಾಗಲೇ ಇದೆ. ಕಿರಣದ ಮೇಲೆ ನಿಯಂತ್ರಣ ಇದೆ, ಆದರೆ ಆ ಕಿರಣದಿಂದ ಬಂದ ಚಿತ್ರವನ್ನು ಹೇಗೆ ಓದಿ ಬಿಲ್ ಮಾಡುತ್ತಾರೆ ಅನ್ನುವುದನ್ನು ಕೇಳುವವರಿಲ್ಲ.

ನಾವು ಏನು ಕೇಳಬೇಕು?

ಮೊದಲನೆಯದು, ಸರ್ಕಾರಿ ಆಸ್ಪತ್ರೆಯಲ್ಲಿ ದಂತ ವೈದ್ಯರ ಕುರ್ಚಿ ಇರುವ ಕಡೆಯೆಲ್ಲ ಕೆಲಸ ಮಾಡುವ ಡಿಜಿಟಲ್ ಎಕ್ಸ್‌ರೇ ಇರಲಿ. ಯಂತ್ರ ಖರೀದಿಗೆ ಟೆಂಡರ್ ಕರೆಯುವ ಉತ್ಸಾಹ ಅದರ ರಿಪೇರಿಗೂ ಇರಲಿ. ಅಲ್ಲಿ ತೆಗೆದ ಚಿತ್ರವನ್ನು ಸರ್ಕಾರಿ ದಂತ ಕಾಲೇಜಿನ ತಜ್ಞರು ಫೋನಿನಲ್ಲೇ ನೋಡಿ ಹೇಳುವ ವ್ಯವಸ್ಥೆ ಮಾಡಬಹುದು. ಎಐಗೆ ನಿಜವಾಗಿ ಕೆಲಸ ಇರುವುದು ಅಲ್ಲಿ.

ಎರಡನೆಯದು, ಶಾಲಾ ತಪಾಸಣೆ ಕಾರ್ಡಿನ ಟಿಕ್‌ಗೆ ನಿಲ್ಲಬಾರದು. ಸಂಶಯವಿರುವ ಮಗುವಿಗೆ ಬೈಟ್‌ವಿಂಗ್ ಮತ್ತು ಆರಂಭದ ಹುಳುಕು ನಿಲ್ಲಿಸುವ ಚಿಕಿತ್ಸೆ ಉಚಿತವಾಗಿ ಸಿಗಬೇಕು. ಕೊರೆಯದೆ ಹುಳುಕನ್ನು ತಡೆಯುವ ಸಿಲ್ವರ್ ಡಯಮಿನ್ ಫ್ಲೋರೈಡ್ ಎಂಬ ಅಗ್ಗದ ದ್ರಾವಣವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಅದು ಹಚ್ಚಿದ ಜಾಗ ಕಪ್ಪಾಗುತ್ತದೆ, ನಿಜ. ಆದರೆ ಹಲ್ಲು ಉಳಿಯುತ್ತದೆ.

ಮೂರನೆಯದು, ಖಾಸಗಿಯವರಿಗೆ ನಿಯಮ. ನಮ್ಮಲ್ಲಿ ಕೆಪಿಎಂಇ ಕಾಯ್ದೆ ಇದೆ. 2017ರಲ್ಲಿ ಅದಕ್ಕೆ ತಿದ್ದುಪಡಿ ತರಲು ಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ಎಲ್ಲರಿಗೂ ನೆನಪಿರಬಹುದು. ಆ ಕಾಯ್ದೆಯಡಿ ದರಪಟ್ಟಿ ಹಾಕಬೇಕು. ಅದರ ಜೊತೆಗೆ ಇಷ್ಟು ಸೇರಲಿ: ಎಕ್ಸ್‌ರೇ ಪ್ರತಿಯನ್ನು ಕೇಳದೆಯೇ ರೋಗಿಯ ಫೋನಿಗೆ ಕಳಿಸಬೇಕು. ಪ್ರತಿ ಹಲ್ಲಿನ ಮುಂದೆ ಹುಳುಕು ಯಾವ ಪದರದವರೆಗೆ ಹೋಗಿದೆ, ಈಗಲೇ ತುಂಬಿಸಬೇಕಾ ಕಾಯಬಹುದಾ ಅಂತ ಬರೆಯಬೇಕು. ಎಐ ಬಳಸಿದ್ದರೆ, ಅದು ತೋರಿಸಿದ್ದರಲ್ಲಿ ಯಾವುದನ್ನು ವೈದ್ಯರು ಒಪ್ಪಿದರು, ಯಾವುದನ್ನು ಬಿಟ್ಟರು ಅಂತ ಸಹಿ ಇರಬೇಕು. ದಾಖಲೆ ಪಡೆಯುವುದು, ಎರಡನೇ ಅಭಿಪ್ರಾಯ ಕೇಳುವುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದೆ. ನನಗೆ ಎಕ್ಸ್‌ರೇ ಕೈಗೆ ಸಿಕ್ಕಿದ್ದಕ್ಕೇ 29,800 ರೂಪಾಯಿ ಮತ್ತು ಐದು ಹಲ್ಲು ಉಳಿದವು.

ಇದೆಲ್ಲ ಆಗುವ ಮಾತಾ ಅಂತ ಕೇಳುವವರಿಗೆ ಬ್ರೆಜಿಲ್ ಇದೆ. ಲುಲಾ ಸರ್ಕಾರ 2004ರಲ್ಲಿ ‘ನಗುವ ಬ್ರೆಜಿಲ್’ ಅನ್ನುವ ಅರ್ಥದ ಯೋಜನೆ ತಂದು ದಂತ ವೈದ್ಯರನ್ನು ಸಾರ್ವಜನಿಕ ಪ್ರಾಥಮಿಕ ಆರೋಗ್ಯ ತಂಡಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಸೇರಿಸಿತು, ಮೇಲಿನ ಹಂತಕ್ಕೆ ವಿಶೇಷ ದಂತ ಕೇಂದ್ರಗಳನ್ನು ಕಟ್ಟಿತು. 2023ರಲ್ಲಿ ಅದನ್ನು ಕಾನೂನೇ ಮಾಡಿದರು. ಅದೂ ನಮ್ಮಂತೆಯೇ ಅಸಮಾನತೆ ತುಂಬಿದ ದೊಡ್ಡ ದೇಶ. ಬಾಯಿಯನ್ನು ದೇಹದ ಭಾಗ ಅಂತ ಒಪ್ಪಿಕೊಳ್ಳಲು ಅಲ್ಲಿ ರಾಜಕೀಯ ನಿರ್ಧಾರ ಬೇಕಾಯಿತು, ಇಲ್ಲೂ ಬೇಕು.

ಹೋದ ತಿಂಗಳು ಅವ್ವನನ್ನು ಬೆಂಗಳೂರಿಗೆ ಕರೆಸಿಕೊಂಡೆ. ಅದೇ ಹಿರಿಯ ವೈದ್ಯೆ ಎರಡೂ ಕಡೆ ಬೈಟ್‌ವಿಂಗ್ ತೆಗೆದರು, ಚಿತ್ರಕ್ಕೆ 300 ರೂಪಾಯಿ. ನೋವೇ ಇಲ್ಲದ ಒಂದು ದವಡೆ ಹಲ್ಲಿನ ಸಂದಿಯಲ್ಲಿ ಹುಳುಕು ಸಿಕ್ಕಿತು. ಅರ್ಧ ಗಂಟೆಯಲ್ಲಿ ತುಂಬಿಸಿದರು. ಅವ್ವ ಪರದೆಯ ಮೇಲಿನ ತನ್ನ ಹಲ್ಲನ್ನು ಬಹಳ ಹೊತ್ತು ನೋಡಿ, ‘ಇದನ್ನ ಮೊದಲ ತಗೀಬೋದಿತ್ತಲ್ಲ, ಅವೂ ಉಳೀತಿದ್ವು?’ ಅಂದಳು.

ವೈದ್ಯೆ ನನ್ನ ಮುಖ ನೋಡಿದರು. ‘ಎಲ್ಲಾ ಅಲ್ಲಮ್ಮ, ಒಂದಷ್ಟಾದ್ರೂ ಉಳೀತಿದ್ವು’ ಅಂದರು.